ಒಂದೇ ದಿನದ ನಾಟಕ

ನಮ್ಮ ಕಾಲೇಜಿನ ನಾಟಕ ಸಂಘದ ವಾರ್ಷಿಕ ವರದಿಯನ್ನು ವಾಚಕರು ಈ ಸಂಚಿಕೆಯ ಕೊನೆಯ ಪುಟಗಳಲ್ಲಿ, ಕ್ರೀಡಾ ವಿಭಾಗದ ವರದಿಗೂ ಗ್ರಂಥಾಲಯದ ವರದಿಗೂ ನಡುವೆ, ಕಾಣಬಹುದು. ಅದನ್ನು ಬರೆದವನು ನಾನೇ. ಕಾರ್ಯದರ್ಶಿಯಾದವನು ವರದಿಯನ್ನು ಹೇಗೆ ಬರೆಯಬೇಕೆಂಬುದಕ್ಕೆ ನಮ್ಮಲ್ಲಿ ಒಂದು ಸಂಪ್ರದಾಯವುಂಟು. ಉದ್ಘಾಟನೆ ಯಾರಿಂದಾಯಿತು, ಎಷ್ಟು ನಾಟಕಗಳನ್ನು ಆಡಿದೆವು, ಎಷ್ಟು ಬಹುಮಾನಗಳು ಬಂದವು, ಯಾರು ಯಾರಿಗೆ ಕೃತಜ್ಞತೆ, ಇಷ್ಟು ಹೇಳಿ ಸಹಿ ಹಾಕಿದರೆ ವರದಿಯಾಯಿತು. ನಾನೂ ಹಾಗೆಯೇ ಮಾಡಿದೆ. ಬರೆದು ಮುಗಿಸಿ ಓದಿ ನೋಡಿದಾಗ ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಆದರೆ ಈ ವರ್ಷ ನಾವು ಕಲಿತದ್ದೂ ಒಂದೂ ಇರಲಿಲ್ಲ. ಆದುದರಿಂದ ಸಂಪಾದಕರ ಅಪ್ಪಣೆ ಪಡೆದು, ಕಾರ್ಯದರ್ಶಿಯ ಪೇಟವನ್ನು ಕೆಳಗಿಟ್ಟು, ಅಂತಿಮ ಬಿ.ಎ. ತರಗತಿಯ ಒಬ್ಬ ವಿದ್ಯಾರ್ಥಿಯಾಗಿ ನಾಲ್ಕು ಮಾತು ಹೇಳಬಯಸುತ್ತೇನೆ.

ಹೇಳಲು ಅವಸರವೂ ಇದೆ. ಈ ಸಾರಿ ಅಂತರ ಕಾಲೇಜು ಸ್ಪರ್ಧೆಯಲ್ಲಿ ನಮಗೆ ಷೀಲ್ಡು ಬಂದಿರುವುದಷ್ಟೆ. ಆ ಸಂತೋಷದಲ್ಲಿ ನಡೆದ ಸಂಘದ ಕೊನೆಯ ಸಭೆಯಲ್ಲಿ ಒಂದು ಸಲಹೆ ಬಂದಿತು: ಮುಂದಿನ ವರ್ಷ ಸಂಘದ ಹಣವನ್ನು ಮೂರು ನಾಟಕಗಳಿಗೆ ಹಂಚಿ ವ್ಯರ್ಥ ಮಾಡದೆ, ಸ್ಪರ್ಧೆಯ ಒಂದು ನಾಟಕಕ್ಕೇ ಮೀಸಲಿಡಬೇಕು, ಒಳ್ಳೆಯ ನಿರ್ದೇಶಕರನ್ನು ಹೊರಗಿನಿಂದ ಕರೆಸಬೇಕು, ಷೀಲ್ಡನ್ನು ಉಳಿಸಿಕೊಳ್ಳಬೇಕು. ಸಲಹೆ ಕೊಟ್ಟವರು ಸಂಘದ ಹಿತಚಿಂತಕರೇ. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ಮನೆಗೆ ನಡೆದು ಹೋಗುತ್ತಿರುವಾಗ ಆ ಚಪ್ಪಾಳೆ ತಪ್ಪೆಂದು ತೋರಿತು. ಕಾಲೇಜು ತೆರೆದ ಮೇಲೆ ಹೊಸ ಸಮಿತಿಯವರು ಇದನ್ನು ತೀರ್ಮಾನಿಸುವರು. ಆಗ ನಾನು ಇಲ್ಲಿರುವುದಿಲ್ಲ. ಚಪ್ಪಾಳೆಯನ್ನು ಹಿಂದಕ್ಕೆ ಪಡೆಯಲು ನನಗೆ ಈ ಪುಟಗಳಲ್ಲದೆ ಬೇರೆ ಸ್ಥಳವಿಲ್ಲ.

ವರ್ಷದ ಮೊದಲ ನಾಟಕ ಕೈಲಾಸಂ ಅವರ ‘ಟೊಳ್ಳುಗಟ್ಟಿ’. ಹೊಸ ವಿದ್ಯಾರ್ಥಿಗಳ ಸ್ವಾಗತ ಸಮಾರಂಭಕ್ಕೆಂದು ಹತ್ತು ದಿನಗಳಲ್ಲಿ ಸಿದ್ಧಪಡಿಸಿದೆವು. ಪರೀಕ್ಷೆಯಲ್ಲಿ ಗೆಲ್ಲುವ ಮಗ ಮನೆಯ ಕಷ್ಟಕ್ಕೆ ಒದಗದೆ, ಸೋಲುವ ಮಗ ಒದಗುವ ಕಥೆ. ವಿದ್ಯಾರ್ಥಿಗಳ ಮುಂದೆ ಆಡಲು ಇದಕ್ಕಿಂತ ಒಪ್ಪುವ ನಾಟಕ ಇನ್ನಾವುದು? ಆದರೆ ಕೈಲಾಸಂ ಮಾತುಗಳು ಮನೆಯ ಪಡಸಾಲೆಯಲ್ಲಿ ಆಡಿದ ಮಾತುಗಳು. ನಾವು ಅವನ್ನು ಮೈಕಿಗೆ ಬಾಯಿಟ್ಟು ಕೂಗಿದೆವು. ಇಂಗ್ಲಿಷು ಬೆರೆತ ಆ ಕನ್ನಡ ಕೇಳಿ ನಮ್ಮ ಮಿತ್ರರು ನಗುವರೆಂದು ಕಾದೆವು, ನಗಲಿಲ್ಲ. ಆ ಬೆರಕೆ ಈಗ ಅವರ ದಿನಬಳಕೆಯ ಭಾಷೆಯಾಗಿರುವುದರಿಂದ ಅದರಲ್ಲಿ ವಿನೋದವೇನೆಂದು ಅವರಿಗೆ ತಿಳಿಯಲಿಲ್ಲವೆಂದು ನನ್ನ ಊಹೆ. ಈ ನಾಟಕದ ವಿಷಯ ಇಷ್ಟು ಸಾಕು. ಅದರ ಹೆಸರಿನಲ್ಲಿರುವ ಪ್ರಶ್ನೆ ಮಾತ್ರ, ಯಾವುದು ಟೊಳ್ಳು ಯಾವುದು ಗಟ್ಟಿ ಎಂಬುದು, ವರ್ಷವೆಲ್ಲ ನನ್ನ ಹಿಂದೆಯೇ ಬಂದಿತು.

ಎರಡನೆಯದು ಷೀಲ್ಡು ತಂದ ನಾಟಕ, ಗಿರೀಶ ಕಾರ್ನಾಡರ ‘ತುಘಲಕ್’. 1964ರಲ್ಲಿ ಪ್ರಕಟವಾದ ಈ ನಾಟಕದಲ್ಲಿ ಹದಿಮೂರು ದೃಶ್ಯಗಳಿವೆ. ನಮಗೆ ಸ್ಪರ್ಧೆಯವರು ಕೊಟ್ಟ ಕಾಲಾವಕಾಶ ನಲವತ್ತೈದು ನಿಮಿಷ. ಅದರಲ್ಲಿಯೇ ರಂಗಸಜ್ಜಿಕೆಯನ್ನು ಕಟ್ಟಬೇಕು, ಬಿಚ್ಚಬೇಕು. ಹದಿಮೂರು ದೃಶ್ಯಗಳು ಐದಾದವು. ಯಾವುದನ್ನು ಬಿಡಬೇಕೆಂಬ ಚರ್ಚೆಯಲ್ಲಿ ಮೊದಲು ಹೋದವನು ಅಜೀಜ. ನಾಟಕವನ್ನು ಓದಿದವರು ಬಲ್ಲರು: ಅಗಸನಾದ ಈತ ಬ್ರಾಹ್ಮಣನ ವೇಷದಲ್ಲಿ ಸುಲ್ತಾನನ ಮೇಲೆಯೇ ದಾವೆ ಹೂಡಿ ಗೆಲ್ಲುತ್ತಾನೆ, ಕೊನೆಗೆ ದೊಡ್ಡ ಧರ್ಮಗುರುವಿನ ವಂಶಜನ ವೇಷದಲ್ಲಿ ಬಂದು ಸುಲ್ತಾನನೆದುರು ನಿಲ್ಲುತ್ತಾನೆ. ತುಘಲಕನ ಆದರ್ಶವೆಲ್ಲ ನೆಲಕ್ಕಿಳಿದಾಗ ಏನಾಯಿತೆಂಬುದನ್ನು ತೋರಿಸುವ ಕನ್ನಡಿ ಅವನೇ. ಕನ್ನಡಿಯನ್ನು ತೆಗೆದು ಬರಿಯ ಮುಖವನ್ನು ಉಳಿಸಿಕೊಂಡೆವು. ಚದುರಂಗದ ಮಾತು ಉಳಿಯಿತು, ಪ್ರಾರ್ಥನೆಯ ಸಮಯದ ಸಂಚು ಉಳಿಯಿತು, ಕತ್ತಿಗಳ ಹೊಳಪು ಉಳಿಯಿತು. ನಮ್ಮ ತುಘಲಕನ ಪಾತ್ರಧಾರಿ ನಿಜವಾಗಿಯೂ ಚೆನ್ನಾಗಿ ಅಭಿನಯಿಸಿದ. ಅವನಿಗೆ ಬಂದ ಶ್ರೇಷ್ಠ ನಟ ಬಹುಮಾನಕ್ಕೆ ಅವನು ಪಾತ್ರನೆಂಬುದನ್ನು ಯಾರೂ ಅಲ್ಲಗಳೆಯಲಾರರು. ಮುಂದೆ ನಾನು ಹೇಳುವ ಮಾತು ಅವನ ಮೇಲಣ ದೂರೆಂದು ದಯವಿಟ್ಟು ಯಾರೂ ಭಾವಿಸಬಾರದು.

ನಲವತ್ತು ದಿನ ತಾಲೀಮು ಮಾಡಿದೆವು. ಬಾಡಿಗೆಯ ಉಡುಪು, ಬಾಡಿಗೆಯ ಸ್ಪಾಟ್‌ಲೈಟು, ಬಾಡಿಗೆಯ ಗಡ್ಡ. ಸ್ಪರ್ಧೆಯ ದಿನ ನಮ್ಮ ಸರದಿ ಬಂದದ್ದು ಮಧ್ಯಾಹ್ನ ಮೂರು ಗಂಟೆಗೆ. ಸಭಾಂಗಣದಲ್ಲಿದ್ದವರು ಮೂವರು ತೀರ್ಪುಗಾರರು, ತಮ್ಮ ಸರದಿಗಾಗಿ ಬಣ್ಣ ಹಚ್ಚಿಕೊಂಡು ಕುಳಿತಿದ್ದ ಮುಂದಿನ ಕಾಲೇಜಿನವರು, ಮತ್ತು ಊಟದ ಆಯಾಸದಿಂದ ಎರಡನೆಯ ಸಾಲಿನಲ್ಲಿ ನಿದ್ರಿಸುತ್ತಿದ್ದ ಒಬ್ಬ ಮಹನೀಯರು. ನಾಟಕ ಮುಗಿಯಿತು. ಸಾಯಂಕಾಲ ಷೀಲ್ಡು ಬಂದಿತು. ಮರುದಿನ ಉಡುಪುಗಳು ಅಂಗಡಿಗೆ ಹಿಂದಿರುಗಿದವು. ಇತ್ತ ಸೆಮಿಸ್ಟರ್ ಪರೀಕ್ಷೆ ಹತ್ತಿರ ಬಂದಿತ್ತಾಗಿ ನಮ್ಮ ಕಾಲೇಜಿನಲ್ಲಿಯೇ ಅದನ್ನು ಆಡಲಾಗಲಿಲ್ಲ. ನಮ್ಮ ಸಹಪಾಠಿಗಳು ನಮ್ಮ ‘ತುಘಲಕ್’ ನಾಟಕವನ್ನು ನೋಡಿದ್ದೆಂದರೆ ಮೊಬೈಲಿನಲ್ಲಿ ಹರಿದಾಡಿದ ಅರ್ಧ ನಿಮಿಷದ ಚಿತ್ರ. ನಲವತ್ತು ದಿನಗಳ ತಾಲೀಮು, ನಲವತ್ತೈದು ನಿಮಿಷಗಳ ಬದುಕು! ಮದುವೆಗೆಂದು ಕಟ್ಟಿದ ಚಪ್ಪರವಾದರೂ ಎರಡು ದಿನ ನಿಲ್ಲುತ್ತದೆ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ‘ತುಘಲಕ್’ ನಾಟಕದಲ್ಲಿ ಮುಖ್ಯವಾದ ಸ್ತ್ರೀಪಾತ್ರ ಒಂದೇ: ಸುಲ್ತಾನನ ಮಲತಾಯಿ. ಅದಕ್ಕೆ ಆಯ್ಕೆಯಾದ ಎರಡನೆಯ ವರ್ಷದ ವಿದ್ಯಾರ್ಥಿನಿ ಓದಿದ ಮೊದಲ ದಿನವೇ ನಾವೆಲ್ಲ ತಲೆಯೆತ್ತಿ ನೋಡುವಂತೆ ಓದಿದಳು. ನಾನು ತಾಲೀಮಿನ ವೇಳೆಯನ್ನು ಸಂಜೆ ಆರರಿಂದ ಒಂಬತ್ತಕ್ಕೆ ಗೊತ್ತುಮಾಡಿದೆ. ಏಕೆ? ನಾಟಕದ ತಾಲೀಮೆಂದರೆ ರಾತ್ರಿಯ ಕೆಲಸವೆಂಬ ಒಂದು ಕಲ್ಪನೆ. ಟೀ ಅಂಗಡಿ, ಹೊಗೆ, ತಡವಾಗಿ ಮನೆಗೆ ಹೋಗುವ ಪ್ರತಿಷ್ಠೆ! ಆಕೆಯ ಊರಿಗೆ ಕೊನೆಯ ಬಸ್ಸು ಆರೂಕಾಲಿಗೆ. 2023ರ ಜೂನ್ ತಿಂಗಳಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಹಣವಿಲ್ಲವೆಂಬುದು ದೊಡ್ಡ ಉಪಕಾರವೇ ಸರಿ. ಆದರೆ ಬಸ್ಸೇ ಇಲ್ಲದ ಹೊತ್ತಿನಲ್ಲಿ ಉಚಿತ ಟಿಕೆಟ್ಟಿನಿಂದ ಏನಾದೀತು? ನಾಲ್ಕು ದಿನ ಬಂದಳು. ಐದನೆಯ ದಿನ ಅವಳ ತಂದೆ ಬಂದು ಗೇಟಿನ ಹೊರಗೆ ನಿಂತರು. ಒಳಗೆ ಬರಲಿಲ್ಲ, ಬೈಯಲೂ ಇಲ್ಲ. “ಇವಳನ್ನ ಇನ್ನು ಕಳಿಸೋಕಾಗಲ್ಲಪ್ಪ, ತಪ್ಪು ತಿಳ್ಕೋಬೇಡ” ಎಂದರು. ಮಲತಾಯಿಯ ಪಾತ್ರವನ್ನು ಒಬ್ಬ ಹುಡುಗ ಸೀರೆಯುಟ್ಟು ಆಡಿದ. ಹಿಂದೆ ಕಂಪನಿ ನಾಟಕಗಳ ಮೊದಲ ದಿನಗಳಲ್ಲಿ ಹೀಗೆಯೇ ಇತ್ತಲ್ಲ ಎಂದು ನಾವು ಸಮಾಧಾನ ಹೇಳಿಕೊಂಡೆವು. ಆಗ ಹೆಂಗಸರು ರಂಗಕ್ಕೆ ಬರುತ್ತಿರಲಿಲ್ಲ; ಈಗ ಬಂದವಳನ್ನು ನಾವು ಕಳಿಸಿದೆವು. ಎರಡೂ ಒಂದೇ ಆಗಲಾರದು.

ಮೂರನೆಯ ನಾಟಕದ ಹೆಸರು ವರದಿಯಲ್ಲಿ ಒಂದೇ ಸಾಲಿನಲ್ಲಿದೆ. ಕುವೆಂಪು ಅವರ ‘ಜಲಗಾರ’. ಬಹುಮಾನವಿಲ್ಲದ ನಾಟಕಕ್ಕೆ ಒಂದು ಸಾಲು, ಅದು ಪದ್ಧತಿ. ಡಿಸೆಂಬರ್ 29ರಂದು ಕವಿಯ ಜನ್ಮದಿನಕ್ಕೆ ಏನಾದರೂ ಮಾಡಬೇಕಾಗಿತ್ತು. ಚಿಕ್ಕ ನಾಟಕ, ಖರ್ಚಿಲ್ಲದ್ದು, ಎಂದು ಆರಿಸಿಕೊಂಡದ್ದು. ಸಂಘದಲ್ಲಿ ಹಣ ಉಳಿದಿರಲಿಲ್ಲ. ಊರಿನ ಜನ ಶಿವನ ಜಾತ್ರೆಗೆ ಹೋಗುವಾಗ ಬೀದಿ ಗುಡಿಸುವವನೊಬ್ಬ ತನ್ನ ಕೆಲಸ ಬಿಟ್ಟು ಹೋಗದೆ ಉಳಿಯುತ್ತಾನೆ. ಶಿವನು ಗುಡಿಯಲ್ಲಿ ಸಿಕ್ಕದೆ, ತಾನೂ ಒಬ್ಬ ಜಲಗಾರನಾಗಿ ಇವನ ಬಳಿಗೆ ಬರುತ್ತಾನೆ. 1928ರಲ್ಲಿ ಇಪ್ಪತ್ತಮೂರು ಇಪ್ಪತ್ತನಾಲ್ಕು ವರ್ಷದ ತರುಣನೊಬ್ಬ, ಬಹುಮಟ್ಟಿಗೆ ನಮ್ಮ ವಯಸ್ಸಿನವನೇ, ಇದನ್ನು ಬರೆದನೆಂಬುದನ್ನು ನೆನೆದರೆ ನಾವು ಬರೆಯುವ ಕವಿತೆಗಳನ್ನು ಮಡಿಚಿ ಜೇಬಿನಲ್ಲಿಡಬೇಕೆನಿಸುತ್ತದೆ.

ಈ ಸಾರಿ ತಾಲೀಮನ್ನು ಮಧ್ಯಾಹ್ನ ಒಂದೂವರೆಗೆ, ಊಟದ ವಿರಾಮದಲ್ಲಿ, ಸೈಕಲ್ ಸ್ಟ್ಯಾಂಡಿನ ಹಿಂದಿನ ಹುಣಿಸೆ ಮರದ ಕೆಳಗೆ ಇಟ್ಟೆವು. ಹನ್ನೊಂದು ಜನರಲ್ಲಿ ಆರು ಮಂದಿ ಹುಡುಗಿಯರು ಬಂದರು. ಮಲತಾಯಿಯ ಪಾತ್ರ ತಪ್ಪಿಹೋದ ಆ ವಿದ್ಯಾರ್ಥಿನಿಯೇ ಜಲಗಾರಳಾದಳು. ಕವಿ ಬರೆದದ್ದು ಗಂಡಸಿನ ಪಾತ್ರ. ಅದನ್ನು ಹೆಂಗಸಿಗೆ ಕೊಡಬಹುದೇ ಎಂದು ಕನ್ನಡ ವಿಭಾಗದಲ್ಲಿ ಒಂದು ಗಂಟೆ ಚರ್ಚೆ ನಡೆಯಿತು. ಬೆಳಗಿನ ಜಾವ ನಮ್ಮ ಪಟ್ಟಣದ ಬೀದಿಗಳನ್ನು ಯಾರು ಗುಡಿಸುತ್ತಿರುವರೆಂದು ನೋಡಿ ಬಂದರೆ ಆ ಚರ್ಚೆ ಐದು ನಿಮಿಷದಲ್ಲಿ ಮುಗಿಯುತ್ತಿತ್ತು.

ಮೊದಲ ಪ್ರದರ್ಶನ ಕಾಲೇಜಿನ ಅಂಗಳದಲ್ಲಿ. ಪ್ರಾಮಾಣಿಕವಾಗಿ ಹೇಳುತ್ತೇನೆ, ಚೆನ್ನಾಗಿರಲಿಲ್ಲ. ಪದ್ಯದ ಮಾತುಗಳನ್ನು ಉರುಹೊಡೆದ ಪಾಠದಂತೆ ಒಪ್ಪಿಸಿದೆವು. ಜಲಗಾರಳ ಕೈಯಲ್ಲಿ ಅಂಗಡಿಯಿಂದ ಆಗಲೇ ತಂದ ಹೊಸ ಪೊರಕೆ. ಅದನ್ನು ಹೂಗೊಂಚಲಿನಂತೆ ಹಿಡಿದಿದ್ದಳು. ಶಿವನಿಗೆ ಕ್ಯಾಲೆಂಡರಿನಲ್ಲಿರುವಂತೆ ಹುಲಿಚರ್ಮದ ಬಟ್ಟೆ, ಕೊರಳಿಗೆ ಪ್ಲಾಸ್ಟಿಕ್ ಹಾವು. ಶಿವ ಬಂದು ಕೈ ಎತ್ತಿದಾಗ ಹಾವು ಜಾರಿ ಕೆಳಗೆ ಬಿದ್ದಿತು. ಪ್ರಥಮ ವರ್ಷದವರು ಆನಂದಪಟ್ಟರು.

‘ತುಘಲಕ್’ ಆಗಿದ್ದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಈ ನಾಟಕಕ್ಕೆ ಹಿಂದಿರುಗಿಸಬೇಕಾದ ಬಾಡಿಗೆ ಸಾಮಾನೇ ಇರಲಿಲ್ಲ. ಒಂದು ಪೊರಕೆ, ಒಂದು ಬುಟ್ಟಿ, ನಾಲ್ಕು ಶಾಲು. ಎನ್.ಎಸ್.ಎಸ್. ಶಿಬಿರಕ್ಕೆ ಹೋದಾಗ ಜೊತೆಗೆ ಕೊಂಡೊಯ್ದೆವು. ಆ ಊರಿನ ಶಾಲೆಯ ಮುಂದೆ ಎರಡನೆಯ ಸಾರಿ ಆಡಿದೆವು. ಅಲ್ಲಿ ಮೈಕು ಕೆಟ್ಟಿತು. ಅದರಿಂದ ಉಪಕಾರವೇ ಆಯಿತು. ಕೂಗುವುದನ್ನು ಬಿಟ್ಟು ಮಾತನಾಡಲು ಕಲಿತೆವು.

ಮೂರನೆಯದು ನಮ್ಮ ಪಟ್ಟಣದ ಪೌರಕಾರ್ಮಿಕರ ಕಾಲೋನಿಯಲ್ಲಿ. ಇದು ನಮ್ಮ ಸಮಾಜಶಾಸ್ತ್ರದ ಅಧ್ಯಾಪಕರ ಸೂಚನೆ. ಹೋಗುವ ಮುನ್ನ ನಮಗೆ ಭಯವಿತ್ತೆಂಬುದನ್ನು ಮರೆಮಾಚುವುದಿಲ್ಲ. ದಿನವೂ ಗುಡಿಸುವವರ ಮುಂದೆ ಗುಡಿಸುವ ನಟನೆ! ಅವರು ಮಾತ್ರ ಸಂಜೆ ಕೆಲಸ ಮುಗಿಸಿ, ಕೈಕಾಲು ತೊಳೆದು, ಮಕ್ಕಳನ್ನು ಮುಂದೆ ಕೂರಿಸಿ ಶ್ರದ್ಧೆಯಿಂದ ನೋಡಿದರು. ಮುಗಿದ ಮೇಲೆ ಒಬ್ಬ ಅಜ್ಜಿ ನೇರವಾಗಿ ನಮ್ಮ ಜಲಗಾರಳ ಬಳಿಗೆ ಬಂದು ಪೊರಕೆಯನ್ನು ಕೈಗೆ ತೆಗೆದುಕೊಂಡರು. “ಹಂಗಲ್ಲ ಕಣವ್ವಾ, ಹಿಂಗೆ ಎತ್ತೆತ್ತಿ ಗುಡಿಸಿದ್ರೆ ಧೂಳೆಲ್ಲ ನಿನ್ ಮೂಗಿಗೇ ಬರ್ತದೆ. ಗಾಳಿ ಬೆನ್ನಿಗಿರ್ಬೇಕು. ಪೊರಕೆ ನೆಲ ಬಿಡಬಾರ್ದು” ಎಂದು ಅಲ್ಲಿಯೇ ನಾಲ್ಕು ಮಾರು ಗುಡಿಸಿ ತೋರಿಸಿದರು. ನಮ್ಮ ಹುಡುಗಿ “ಇನ್ನೊಂದ್ಸಲ ತೋರ್ಸಿ ಅಜ್ಜಿ” ಎಂದಳು. ಅವರು ಮತ್ತೊಮ್ಮೆ ತೋರಿಸಿದರು. ನಾನು ನೋಡಿದ ರಂಗಶಿಕ್ಷಣಗಳಲ್ಲಿ ಇದಕ್ಕೆ ಸಮನಾದುದಿಲ್ಲ.

ಅದೇ ಸಂಜೆ, ಹಿಂದೆ ಗೋಡೆಗೊರಗಿ ನಿಂತಿದ್ದ ಒಬ್ಬ ನಡುವಯಸ್ಸಿನವರು ಒಂದು ಮಾತು ಕೇಳಿದರು. “ನಾಟಕ ಚೆನ್ನಾಗೈತೆ ಸಾರ್. ಶಿವ ಬಂದ, ಮಾತಾಡ್ಸ್ದ, ಎಲ್ಲ ಸರಿ. ನಾಳೆ ಬೆಳಿಗ್ಗೆ ಮತ್ತೆ ಗುಡ್ಸೋರು ಯಾರು?” ಇಪ್ಪತ್ತು ವರ್ಷದ ನನ್ನನ್ನು ಅವರು ‘ಸಾರ್’ ಎಂದದ್ದು ಒಂದು, ಆ ಪ್ರಶ್ನೆ ಒಂದು, ಎರಡಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ.

ಈ ಪ್ರಶ್ನೆಯ ವಿಷಯದಲ್ಲಿ ನಮ್ಮ ತಂಡದಲ್ಲಿ ವಾರವೆಲ್ಲ ವಾದವಾಯಿತು. ಗುಡಿಸುವ ಕೆಲಸವನ್ನು ದೇವರ ಪೂಜೆಗೆ ಸಮನೆಂದು ಹೊಗಳುವುದರಿಂದ ಗುಡಿಸುವವನು ಅಲ್ಲಿಯೇ ಉಳಿಯುವಂತಾಗುವುದಿಲ್ಲವೇ ಎಂದು ಒಬ್ಬಳು ವಾದಿಸಿದಳು. ಕವಿಯ ಗುರಿ ಗುಡಿಯೊಳಗಿನ ಪುರೋಹಿತಶಾಹಿ, ಅದನ್ನು ಬಿಟ್ಟು ನೋಡಬಾರದೆಂದು ಮತ್ತೊಬ್ಬ. ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ ಕಾಯಿದೆ 2013ರಲ್ಲಿ ಮತ್ತೊಮ್ಮೆ, ಹೆಚ್ಚು ಬಿಗಿಯಾಗಿ, ಬಂದಿದೆ. ಆದರೂ ಮ್ಯಾನ್‌ಹೋಲಿಗೆ ಇಳಿದು ಸತ್ತವರ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ ಎಂದು ಮೂರನೆಯವನು ನೆನಪಿಸಿದ. ಮೂರು ವರ್ಷಗಳ ಕನ್ನಡ ತರಗತಿಗಳಲ್ಲಿ ಒಂದು ಕೃತಿಯ ಮೇಲೆ ನಾವು ಇಷ್ಟು ಬಿಸಿಯಾಗಿ ಮಾತನಾಡಿದ್ದಿಲ್ಲ. ಯಾರಿಗೂ ಇದರಿಂದ ಅಂಕ ಬರುವಂತಿರಲಿಲ್ಲವೆಂಬುದನ್ನೂ ಗಮನಿಸಬೇಕು.

ಕವಿಯ ಮಾತನ್ನು ಬದಲಿಸುವ ಅಧಿಕಾರ ನಮಗಿಲ್ಲ. ಬದಲಿಸಲಿಲ್ಲ. ಹಾವನ್ನು ತೆಗೆದೆವು, ಹುಲಿಚರ್ಮವನ್ನು ತೆಗೆದೆವು. ಶಿವನೂ ಜಲಗಾರಳಂತೆಯೇ ಹಳೆಯ ಬಟ್ಟೆಯಲ್ಲಿ, ಬುಟ್ಟಿ ಹಿಡಿದು ಬಂದ. ಮೂಲದಲ್ಲಿಯೂ ಅವನು ಬರುವುದು ಜಲಗಾರನಾಗಿಯೇ, ನಾವೇ ಅವನನ್ನು ಕ್ಯಾಲೆಂಡರಿನೊಳಗೆ ನೂಕಿದ್ದೆವು. ಕೊನೆಯ ಮಾತು ಮುಗಿದ ಮೇಲೆ ಜಲಗಾರಳು ಒಂದು ಕ್ಷಣ ನಿಂತು, ಪೊರಕೆಯನ್ನೆತ್ತಿಕೊಂಡು ಮತ್ತೆ ಗುಡಿಸತೊಡಗುವಳು. ಅಷ್ಟೇ ಸೇರಿಸಿದ್ದು. ನಾಲ್ಕನೆಯ ಪ್ರದರ್ಶನ ವಿದ್ಯಾರ್ಥಿನಿಯರ ಹಾಸ್ಟೆಲಿನಲ್ಲಿ. ಐದನೆಯದು ಶಿವರಾತ್ರಿಯ ಹಿಂದಿನ ಸಂಜೆ, ಶಿಬಿರ ನಡೆದ ಊರಿನವರೇ ಮತ್ತೆ ಕರೆಸಿಕೊಂಡದ್ದು. ಅಂದು ಆಕೆ ರಂಗಕ್ಕೆ ಬಂದು ಮಾತಿಲ್ಲದೆ ಎರಡು ನಿಮಿಷ ಗುಡಿಸಿದಳು. ಗಾಳಿ ಬೆನ್ನಿಗಿತ್ತು. ಪೊರಕೆ ನೆಲ ಬಿಡಲಿಲ್ಲ. ಮುಂದೆ ಕುಳಿತಿದ್ದ ಹುಡುಗರು ಕಡಲೆಕಾಯಿ ತಿನ್ನುವುದನ್ನು ನಿಲ್ಲಿಸಿದರು.

ಮೊದಲ ದಿನದ ನಾಟಕಕ್ಕೂ ಐದನೆಯ ದಿನದ ನಾಟಕಕ್ಕೂ ಇದ್ದ ಅಂತರವನ್ನು ಯಾವ ನಿರ್ದೇಶಕರೂ ತಾಲೀಮಿನಲ್ಲಿ ನಮಗೆ ಕೊಡಲಾರರು. ಅದನ್ನು ಕೊಟ್ಟವರು ನೋಡಿದ ಜನ. ನನ್ನ ಅಭಿಪ್ರಾಯದ ಸಾರವೆಲ್ಲ ಇಷ್ಟೇ: ಒಮ್ಮೆ ಆಡಿ ಬಿಟ್ಟ ನಾಟಕ ಅರ್ಧ ಬೆಂದ ಅನ್ನ. ಸ್ಪರ್ಧೆ ನಮ್ಮನ್ನು ಒಮ್ಮೆ ಆಡಿ ಬಿಡಲು ಕಲಿಸುತ್ತದೆ.

ನಮ್ಮ ನಾಡಿನಲ್ಲಿ ಇದೇನೂ ಹೊಸ ಮಾತಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ಊರೂರಿಗೆ ಕ್ಯಾಂಪು ಹಾಕಿ ಒಂದೇ ನಾಟಕವನ್ನು ರಾತ್ರಿಯ ಮೇಲೆ ರಾತ್ರಿ ಆಡುತ್ತಿತ್ತು. ಅದರ ‘ಕುರುಕ್ಷೇತ್ರ’ದಲ್ಲಿ ಆನೆ ಕುದುರೆಗಳು ರಂಗಕ್ಕೆ ಬರುತ್ತಿದ್ದುದನ್ನು ಹಿರಿಯರು ಹೇಳುವರು, ಆನೆಗಿಂತ ದೊಡ್ಡ ಸಂಗತಿ ಆ ನಟರಿಗೆ ಪ್ರತಿ ರಾತ್ರಿಯೂ ಹೊಸ ಜನ ಸಿಕ್ಕುತ್ತಿದ್ದುದು. ಆ ಕಂಪನಿಯಲ್ಲಿ ಬಾಲನಟನಾಗಿದ್ದ ಬಿ. ವಿ. ಕಾರಂತರು ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು. 1989ರಲ್ಲಿ ಮೈಸೂರಿನ ರಂಗಾಯಣ ಆರಂಭವಾದಾಗ ಅದಕ್ಕೂ ಅವರೇ ನಿರ್ದೇಶಕರು. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ, ನಮ್ಮ ಪಟ್ಟಣಕ್ಕಿಂತಲೂ ಎಷ್ಟೋ ಚಿಕ್ಕ ಊರಿನಲ್ಲಿ, 1949ರಲ್ಲಿ ಹುಟ್ಟಿದ ನೀನಾಸಂ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆಯಿತು. ಅಲ್ಲಿ ಕಲಿತವರು ನಾಟಕವನ್ನು ಎಲ್ಲಿ ಆಡಬೇಕು? ಕೆ. ವಿ. ಸುಬ್ಬಣ್ಣನವರು ಈ ಪ್ರಶ್ನೆಗೆ ಸ್ಪರ್ಧೆಯನ್ನು ಉತ್ತರವಾಗಿ ಕೊಡಲಿಲ್ಲ; 1985ರಲ್ಲಿ ‘ತಿರುಗಾಟ’ವನ್ನು ಕೊಟ್ಟರು. ವರ್ಷಕ್ಕೆ ಕೆಲವೇ ನಾಟಕಗಳನ್ನು ಕಟ್ಟಿ, ಅವನ್ನೇ ಹೊತ್ತು ತಿಂಗಳುಗಟ್ಟಲೆ ನಾಡನ್ನು ಸುತ್ತುವುದು. ‘ತಿರುಗಾಟ’ ಎಂಬ ಮಾತು ಯಕ್ಷಗಾನ ಮೇಳಗಳವರದು; ಹಳೆಯ ಮಾತನ್ನು ಹೊಸ ಕೆಲಸಕ್ಕೆ ಹಚ್ಚಿದರು. 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಪ್ರಶಸ್ತಿ ಬಂದದ್ದು ತಿರುಗಿದ ಮೇಲೆ, ತಿರುಗಿದ್ದು ಪ್ರಶಸ್ತಿಗಾಗಿ ಅಲ್ಲ.

ಅವರೆಲ್ಲ ವೃತ್ತಿಯವರು ಅಥವಾ ನಾಟಕವನ್ನೇ ಬದುಕಾಗಿ ಮಾಡಿಕೊಂಡವರು, ನಾವು ಪರೀಕ್ಷೆಗೆ ಓದುವವರು ಎಂದು ಆಕ್ಷೇಪಿಸಬಹುದು. ಒಪ್ಪತಕ್ಕ ಮಾತೇ. ನಾವು ನೂರು ಪ್ರದರ್ಶನ ಕೊಡಬೇಕೆಂದು ನಾನು ಹೇಳುತ್ತಿಲ್ಲ. ‘ತುಘಲಕ್’ ಒಂದು ದಿನಕ್ಕೆ ತಗುಲಿದ ಹಣದಲ್ಲಿ ‘ಜಲಗಾರ’ದಂಥ ನಾಟಕವನ್ನು ಇಡೀ ವರ್ಷ ಆಡಬಹುದಿತ್ತು, ಲೆಕ್ಕ ಪುಸ್ತಕ ಆಫೀಸಿನಲ್ಲಿದೆ, ಯಾರು ಬೇಕಾದರೂ ನೋಡಬಹುದು. ತಾಲೀಮಿನ ದಿನಗಳನ್ನು ಎಣಿಸಿದರೂ ಐದು ಪ್ರದರ್ಶನಗಳ ‘ಜಲಗಾರ’ಕ್ಕೆ ಹಿಡಿದ ಕಾಲ ಒಂದು ಪ್ರದರ್ಶನದ ‘ತುಘಲಕ್’ಗಿಂತ ಕಡಿಮೆ.

ಇನ್ನೊಂದು ಆಕ್ಷೇಪ ನನಗೆ ಹೆಚ್ಚು ಬಲವಾದುದೆಂದು ತೋರುತ್ತದೆ. ಅದು ನಮ್ಮ ತುಘಲಕನದೇ. ಒಂದು ದಿನ ಕ್ಯಾಂಟೀನಿನಲ್ಲಿ ನನ್ನ ವಾದವನ್ನೆಲ್ಲ ಕೇಳಿ ಅವನು ಹೇಳಿದ: “ನೀನು ಹೇಳೋದೆಲ್ಲ ಸರಿ ಮಾರಾಯ. ಆದ್ರೆ ನಂಗೆ ಆ ದೊಡ್ಡ ಸ್ಟೇಜು, ಆ ಲೈಟು ಒಂದ್ಸಲನಾದ್ರೂ ಬೇಕಿತ್ತು. ನಮ್ಮಂಥ ಕಾಲೇಜಿನೋರಿಗೆ ಅದು ಕಾಂಪಿಟಿಷನ್‌ನಲ್ಲಲ್ದೆ ಇನ್ನೆಲ್ಲಿ ಸಿಗುತ್ತೆ?” ಇದು ಸುಳ್ಳಲ್ಲ. ಸರ್ಕಾರಿ ಕಾಲೇಜಿನ ಹುಡುಗನಿಗೆ, ಅವನ ಹಳ್ಳಿಯ ಹೆಸರನ್ನು ಕೇಳಿಯೇ ಇರದ ಊರಿನವರೆದುರು ನಿಂತು ಗೆಲ್ಲುವುದು ಸಣ್ಣ ವಿಷಯವಲ್ಲ. ಷೀಲ್ಡು ಬಂದ ದಿನ ಅವನ ತಾಯಿ ಕಾಲೇಜಿಗೆ ಬಂದು ಅದನ್ನು ಸೆರಗಿನಿಂದ ಒರಸಿದ್ದನ್ನು ನಾನು ಕಂಡಿದ್ದೇನೆ. ಆದುದರಿಂದ ಸ್ಪರ್ಧೆಗೆ ಹೋಗಲೇಬಾರದೆಂಬ ಮಾತನ್ನು ನಾನು ಆಡಲಾರೆ. ಹೋಗೋಣ. ಆದರೆ ಊರಿನಲ್ಲಿ ಐದಾರು ಸಾರಿ ಆಡಿ ಬಲಿತ ನಾಟಕವನ್ನೇ ಕೊಂಡೊಯ್ಯೋಣ. ಕಾಲಾವಕಾಶಕ್ಕೆ ಹೊಂದುವ ನಾಟಕವನ್ನು ಆರಿಸಿಕೊಳ್ಳೋಣ, ಹೊಂದದ ದೊಡ್ಡ ನಾಟಕದ ಕೈಕಾಲು ಕತ್ತರಿಸುವುದು ಬೇಡ. ಕನ್ನಡದಲ್ಲಿ ಒಳ್ಳೆಯ ಏಕಾಂಕಗಳಿಗೆ ಬರಗಾಲವೇ? ಕೈಲಾಸಂ, ಶ್ರೀರಂಗ ಇಬ್ಬರನ್ನೇ ಹಿಡಿದರೂ ಹತ್ತು ವರ್ಷಕ್ಕೆ ಸಾಕು. ಶ್ರೀರಂಗರು ಸ್ವತಃ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತದ ಅಧ್ಯಾಪಕರಾಗಿದ್ದವರು. ವಿದ್ಯಾರ್ಥಿಗಳು ಆಡಬಲ್ಲುದೇನು, ಆಡಲಾರದ್ದೇನು ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿದ್ದೀತು?

ತಾಲೀಮಿನ ವೇಳೆಯ ವಿಷಯದಲ್ಲಿ ಮಾತ್ರ ನಾನು ಯಾವ ರಾಜಿಗೂ ಸಿದ್ಧನಿಲ್ಲ. ಸಂಜೆ ಐದೂವರೆಯ ನಂತರ ತಾಲೀಮು ಇಡಬಾರದೆಂದು ಸಂಘದ ನಿಯಮದಲ್ಲಿಯೇ ಬರೆಯಬೇಕು. ಪ್ರಿನ್ಸಿಪಾಲರಲ್ಲಿಯೂ ಅಧ್ಯಾಪಕರಲ್ಲಿಯೂ ನನ್ನ ವಿನಂತಿ ಇದೊಂದೇ: ವಾರದಲ್ಲಿ ಎರಡು ದಿನ ಕೊನೆಯ ಒಂದು ಗಂಟೆಯನ್ನು ನಾಟಕಕ್ಕೂ ಸಂಗೀತಕ್ಕೂ ವೇಳಾಪಟ್ಟಿಯಲ್ಲಿಯೇ ಬಿಟ್ಟುಕೊಡಬೇಕು. ನಮ್ಮ ಕಾಲೇಜಿನಲ್ಲಿ ಹುಡುಗರಿಗಿಂತ ಹುಡುಗಿಯರೇ ಹೆಚ್ಚು. ಅವರಲ್ಲಿ ಬಹುಮಂದಿ ಹಳ್ಳಿಗಳಿಂದ ಬರುವವರು. ಕೊನೆಯ ಬಸ್ಸಿನ ನಂತರ ನಡೆಯುವ ಕಲೆ ಅವರ ಪಾಲಿಗೆ ಇಲ್ಲದ ಕಲೆಯೇ. ಹೊರಗಿನಿಂದ ನಿರ್ದೇಶಕರನ್ನು ಕರೆಸುವ ಹಣವಿದ್ದರೆ, ಅದರಲ್ಲಿ ಸ್ವಲ್ಪವನ್ನು ಪ್ರದರ್ಶನದ ದಿನ ಹುಡುಗಿಯರನ್ನು ಮನೆ ಮುಟ್ಟಿಸುವ ಒಂದು ವ್ಯಾನಿಗೆ ತೆಗೆದಿಡುವುದು ಒಳ್ಳೆಯದು. ಶಿವರಾತ್ರಿಯ ಹಿಂದಿನ ಸಂಜೆ ನಾವು ಹಾಗೆ ಮಾಡಿದೆವು. ಎಲ್ಲರೂ ತಲಾ ಇಷ್ಟೆಂದು ಹಾಕಿಕೊಂಡು ವ್ಯಾನು ಗೊತ್ತುಮಾಡಿದೆವು. ಜಲಗಾರಳ ತಂದೆ ಆ ದಿನ ನಾಟಕಕ್ಕೆ ಬಂದಿದ್ದರು. ಗೇಟಿನ ಹೊರಗೆ ನಿಲ್ಲಲಿಲ್ಲ. ಚಾಪೆಯ ಮೇಲೆ ಕುಳಿತು ಪೂರ್ತಿ ನೋಡಿ, ಮಗಳೊಡನೆ ಅದೇ ವ್ಯಾನಿನಲ್ಲಿ ಊರಿಗೆ ಹೋದರು. ನಾಟಕದ ಬಗ್ಗೆ ನನ್ನೊಡನೆ ಒಂದು ಮಾತೂ ಆಡಲಿಲ್ಲ. “ಮುಂದಿನ್ದು ಯಾವಾಗಪ್ಪ?” ಎಂದು ಮಾತ್ರ ಕೇಳಿದರು.

ಷೀಲ್ಡು ಪ್ರಿನ್ಸಿಪಾಲರ ಕೊಠಡಿಯ ಗಾಜಿನ ಬೀರುವಿನಲ್ಲಿದೆ. ಬುಟ್ಟಿ ಮತ್ತು ನಾಲ್ಕು ಶಾಲುಗಳನ್ನು ಸಂಘದ ತಗಡಿನ ಪೆಟ್ಟಿಗೆಯಲ್ಲಿಟ್ಟು ಬೀಗದ ಕೈಯನ್ನು ಆಫೀಸಿನಲ್ಲಿ ಕೊಟ್ಟಿದ್ದೇನೆ. ಪೊರಕೆ ಪೆಟ್ಟಿಗೆಯೊಳಗೆ ಹಿಡಿಸಲಿಲ್ಲ. ಅದು ಪೆಟ್ಟಿಗೆಯ ಹಿಂದೆ, ಗೋಡೆಯ ಮೂಲೆಯಲ್ಲಿದೆ. ಅರ್ಧ ಸವೆದಿದೆಯೆಂದು ಹೊಸ ಕಾರ್ಯದರ್ಶಿ ಅದನ್ನು ಎಸೆಯಬಾರದಾಗಿ ಕೋರುತ್ತೇನೆ. ಶಿಬಿರದ ಊರಿನವರು ದೀಪಾವಳಿಗೆ ಏನಾದರೂ ಆಡಿಸಬೇಕೆಂದು ಕೇಳಿದ್ದಾರೆ. ಅವರ ಕಾಗದ ಸಂಘದ ಫೈಲಿನಲ್ಲಿ ಮೇಲೆಯೇ ಇದೆ; ಉತ್ತರ ಇನ್ನೂ ಬರೆದಿಲ್ಲ.